ಕೆಸರು ತಳ ಸೇರುವಷ್ಟು ಹೊತ್ತು

ಹೆಪ್ಪು ಹಾಕಿದ ಪಾತ್ರೆಯ ಮುಚ್ಚಳ ತೆಗೆದೂ ತೆಗೆದೂ ನೋಡಿದ್ರೆ ಮೊಸರು ಬೇಗ ಆಗಿಬಿಡುತ್ತೇನಮ್ಮಾ, ಅಂದರು ವಾಲ್ವುಗಳನ್ನೆಲ್ಲ ನೋಡಿಕೊಳ್ಳುವ ವಾಲ್ವ್ ಮಾವ, ಮೊದಲು ಆ ಮೇಜಿಂದ ಕೈ ತೆಗಿ, ಮೇಜು ಅಲ್ಲಾಡಿದ್ರೆ ಜಾಡಿ ಅಲ್ಲಾಡುತ್ತೆ, ಜಾಡಿ ಅಲ್ಲಾಡಿದ್ರೆ ಮತ್ತೆ ಮೊದಲಿಂದ ಕೂರಬೇಕು — ಅವಳು ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು, ಶಾಲೆಯಲ್ಲಿ ಬೈಸಿಕೊಂಡ ಹುಡುಗಿಯ ಹಾಗೆ, ಊರಿನ ಕೊಳಚೆ ನೀರು ತಿಳಿಯಾಗಿಸುವ ಈ ಪ್ಲಾಂಟಿನಲ್ಲಿ ಕೂದಲು ಬೆಳ್ಳಗಾಗುವಷ್ಟು ಕಾಲದಿಂದ ದಿನಾ ಮಾಡುತ್ತಿರುವ ಪರೀಕ್ಷೆ, ಇದನ್ನೂ ಹೇಳಿಸಿಕೊಳ್ಳಬೇಕಾಯಿತಲ್ಲ ಇವತ್ತು, ಅದೂ ಮೇಜಿನ ಆ ಕಡೆ ಕೂತವನ ಎದುರಿಗೆ. ಪರೀಕ್ಷೆಯಾದರೂ ಏನು, ಗಾಳಿ ತೊಟ್ಟಿಯ ನೀರನ್ನು ಈ ಎತ್ತರದ ಗಾಜಿನ ಜಾಡಿಗೆ ತುಂಬಿ ತಂದು ಮೇಜಿನ ಮೇಲಿಡುವುದು, ಅರ್ಧ ಗಂಟೆ ಮುಟ್ಟದೆ ಕೂರುವುದು, ಕೆಸರು ತಾನಾಗಿ ಗುಂಪು ಕಟ್ಟಿಕೊಂಡು ತಳಕ್ಕಿಳಿದು ಮೇಲೆ ತಿಳಿನೀರು ನಿಂತಿತೋ, ತೊಟ್ಟಿಯಲ್ಲಿ ಜೀವ ಇದೆ, ಇಳಿಯದೆ ಮಬ್ಬುಮಬ್ಬಾಗಿ ನಿಂತೇ ಇತ್ತೋ, ಇಲ್ಲ. ವಾರದಿಂದ ನಿಂತೇ ಇದೆ. ಯಾವನೋ ಪುಣ್ಯಾತ್ಮ ಯಾವುದೋ ಮ್ಯಾನ್‌ಹೋಲಿಗೆ ಒಂದು ಟ್ಯಾಂಕರ್ ವಿಷ ಸುರಿದು ಹೋದ, ಬಣ್ಣದ ಡಬ್ಬಿ ತೆಗೆದ ಹಾಗೆ ಮೂಗಿಗೆ ಹೊಡೆಯುವ ವಾಸನೆ, ಅವಳು ಕಟ್ಟೆ ಹತ್ತಿ ನೋಡಿದರೆ ಯಾವಾಗಲೂ ಒದ್ದೆ ಮಣ್ಣಿನ ವಾಸನೆ ಬರುವ ತೊಟ್ಟಿ ಅಗಸರ ಬಾನಿಯ ಹಾಗೆ ಬೆಳ್ಳಗೆ ನೊರೆ ಕಕ್ಕುತ್ತಿತ್ತು, ಆಕ್ಸಿಜನ್ ಮೀಟರಿನ ಮುಳ್ಳು ಎಂದೂ ಹತ್ತದಷ್ಟು ಮೇಲೆ ಹತ್ತಿತ್ತು, ಹೊಸಬರು ನೋಡಿದ್ದರೆ ಓಹೋ ಎಷ್ಟೊಂದು ಆಕ್ಸಿಜನ್ ಅಂತ ಖುಷಿಪಡುತ್ತಿದ್ದರು, ಅವಳಿಗೆ ಮಾತ್ರ ಗೊತ್ತಾಯಿತು, ಮಾಡಿಟ್ಟ ಅಡುಗೆ ಹಾಗೇ ಮಿಕ್ಕಿದೆ ಅಂದರೆ ಮನೆಯಲ್ಲಿ ಉಣ್ಣುವವರು ಇಲ್ಲ ಅಂತ ತಾನೇ ಅರ್ಥ. ನಮ್ಮ ಮಂದಿ ಹೋದರು ಮಾವಾ, ಅಂದಿದ್ದಳು. ಕೊಳಚೆ ತಿನ್ನುವ ಆ ಜೀವಗಳನ್ನು ಹುಳ ಅನ್ನುವುದಿಲ್ಲ ಅವಳು, ಬ್ಯಾಕ್ಟೀರಿಯಾ ಅನ್ನುವುದು ಇಂಜಿನಿಯರ್ ಮೇಡಂ, ಅವಳ ಬಾಯಲ್ಲಿ ಯಾವತ್ತೂ ನಮ್ಮ ಮಂದಿ.

ಮಂದಿಯನ್ನು ಮತ್ತೆ ಎಲ್ಲಿಂದ ತರುವುದು, ಹೆಪ್ಪಿಲ್ಲದ ಮನೆಯವರು ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗಬೇಕು, ಪಕ್ಕದ ಮನೆ ಅಂದರೆ ನದಿಯ ಮೇಲ್ಗಡೆಯ ಪ್ಲಾಂಟು, ಆ ಪ್ಲಾಂಟಲ್ಲಿ ಪಾಳಿ ನೋಡಿಕೊಳ್ಳುವವನು ಅವಳ ಒಡಹುಟ್ಟಿದ ತಮ್ಮ. ನಿಮ್ಮ ತಮ್ಮನೇ ಅಲ್ವಾ ಅಲ್ಲಿರೋದು, ಒಂದು ಫೋನ್ ಮಾಡ್ತೀರಾ, ಅಂದರು ಮೇಡಂ, ಪಾಪ, ಅವರಿಗೇನು ಗೊತ್ತು. ನೀವೇ ಮಾಡಿ ಮೇಡಂ, ಆಫೀಸಿಂದ ಹೋದ್ರೆ ತೂಕ ಇರುತ್ತೆ, ಅಂದಳು ಇವಳು, ಪಕ್ಕದಲ್ಲಿದ್ದ ವಾಲ್ವ್ ಮಾವ ಸೂರು ನೋಡಿಕೊಂಡು ಕೆಮ್ಮಿದರು. ಅವನು ಹೆಪ್ಪಿಗೆ ಅಂತ ಕೆಸರು ಕಳಿಸಿದರೆ ಸಾಕಿತ್ತು, ತಾನೇ ಬಂದ, ಟ್ಯಾಂಕರಿನ ಡ್ರೈವರ್ ಪಕ್ಕ ಕೂತು, ಮೊಣಕಾಲ ಮೇಲೆ ಹೆಲ್ಮೆಟ್ ಇಟ್ಟುಕೊಂಡು, ಇಳಿದವನೇ ಅವಳನ್ನು ಬಿಟ್ಟು ಉಳಿದವರಿಗೆಲ್ಲ ನಮಸ್ಕಾರ ಹೇಳಿದ. ಆವತ್ತಿಂದ ಟ್ಯಾಂಕರ್ ಬಂದಾಗಲೆಲ್ಲ ಇದೇ ನಾಟಕ, ಮಾವಾ, ಗಾಳಿ ಸ್ವಲ್ಪ ಕಮ್ಮಿ ಮಾಡೋಕೆ ಹೇಳಿ ಅವರಿಗೆ, ಅನ್ನುತ್ತಾನೆ ಇವಳಿಂದ ಮಾರು ದೂರದಲ್ಲಿ ನಿಂತು, ಗಾಳಿ ಎಷ್ಟಿರಬೇಕು ಅಂತ ನನಗೆ ಗೊತ್ತು ಅಂತ ಹೇಳಿ ಮಾವಾ ಅವರಿಗೆ, ಅನ್ನುತ್ತಾಳೆ ಇವಳು, ನಾನೇನು ನಿಮ್ಮಿಬ್ಬರ ಮಧ್ಯೆ ಪೋಸ್ಟ್‌ಮ್ಯಾನಾ, ಎರಡು ಸಂಬಳ ಕೊಡಿಸಿ ಹಂಗಾದ್ರೆ, ಅನ್ನುತ್ತಾರೆ ಮಾವ. ಇವತ್ತಿನದು ಕೊನೆಯ ಲೋಡು. ಹಿಂದಿನ ಹಳೇ ಕೊಳಗಳಿಗೆ ಊರಿನ ಕೊಳಚೆಯನ್ನು ತಿರುಗಿಸಿ ತಿರುಗಿಸಿ ಅವು ಕಂಠಮಟ್ಟ ತುಂಬಿವೆ, ಇನ್ನು ಹಿಡಿಯುವುದಿಲ್ಲ, ಈ ಜಾಡಿಯಲ್ಲಿ ಕೆಸರು ಇಳಿದರೆ ಸರಿ, ಇಳಿಯದಿದ್ದರೆ ಬೈಪಾಸ್ ಗೇಟು ಎತ್ತಿ ಎಲ್ಲವನ್ನೂ ಹಾಗೇ ನದಿಗೆ ಬಿಡಬೇಕು, ಕೆಳಗೆ ಮಕ್ಕಳು ಈಜುವ ನೀರಿಗೆ, ಮೇಡಂ ಗೇಟಿನ ಹತ್ತಿರವೇ ಫೋನ್ ಹಿಡಿದು ನಿಂತಿದ್ದಾರೆ, ಮುಖ ನೋಡಲಾಗುವುದಿಲ್ಲ. ಬ್ಲೋವರ್ ಯಾಕೋ ಗುರ್ ಅಂತಿದೆ, ನೋಡಿ ಬರ್ತೀನಿ, ಅಂದರು ವಾಲ್ವ್ ಮಾವ, ತೊಟ್ಟಿಗೆ ಗಾಳಿ ಊದುವ ಬ್ಲೋವರ್ ಯಾವತ್ತೂ ಗುರ್ ಅನ್ನುತ್ತೆ, ಅದರ ಕೆಲಸವೇ ಗುರ್ ಅನ್ನುವುದು, ಅವರು ಹೋಗುವಾಗ ಬಾಗಿಲು ಬೇರೆ ಎಳೆದುಕೊಂಡು ಹೋದರು, ಕಳ್ಳ ಮುದುಕ.

ಈಗ ಮೇಜಿನ ಈ ಕಡೆ ಅವಳು, ಆ ಕಡೆ ಅವನು, ಮಧ್ಯೆ ಜಾಡಿ. ಅವನು ಸ್ಟೂಲಿನ ಮೇಲೆ ಬಗ್ಗಿ, ಮೇಜಿಗೆ ತಾಗದ ಹಾಗೆ ಕೈ ಕಟ್ಟಿಕೊಂಡು, ಗಲ್ಲವನ್ನು ಎದೆಗೆ ಒತ್ತಿ ಜಾಡಿಯನ್ನೇ ನೋಡುತ್ತಿದ್ದಾನೆ, ಅವಳಿಗೆ ಅವನ ಮುಖ ಕಾಣುತ್ತಿಲ್ಲ, ಜಾಡಿ ತುಂಬ ಕಂದು, ಒಳ್ಳೆಯದೇ ಆಯಿತು, ಮುಖ ಕಾಣದಿರಲಿ, ಮುಖ ನೋಡಿದರೆ ಅಮ್ಮ ಕಾಣುತ್ತಾಳೆ, ಅದೇ ಅಗಲ ಹಣೆ ಅದೇ ಮೆಳ್ಳಗಣ್ಣು, ತನಗೆ ಅಪ್ಪನ ಮೂಗು ಬಂತು, ಅವನಿಗೆ ಅಮ್ಮನ ಕಣ್ಣು ಬಂತು, ಚಿಕ್ಕಂದಿನಲ್ಲಿ ಅದಕ್ಕೂ ಜಗಳ. ಅಮ್ಮ ಒಂದೇ ಸಲ ಬಂದಿದ್ದಳು ಇಲ್ಲಿಗೆ, ಇವನು ಇಲ್ಲಿ ಕೆಲಸ ಕಲಿಯುತ್ತಿದ್ದ ಕಾಲ, ಕಲಿಸುತ್ತಿದ್ದವಳು ತಾನೇ, ಅಮ್ಮ ಮೂಗಿಗೆ ಸೆರಗು ಹಿಡಿದು ಬಂದವಳು ಸ್ವಲ್ಪ ಹೊತ್ತಿಗೆ ಸೆರಗು ಬಿಟ್ಟಳು, ಅಯ್ಯೋ ಇದೇನು ನಮ್ಮ ಹಿತ್ತಲಿನ ವಾಸನೆ ಕಣ್ರೇ, ಅಂದಳು, ಸೂಕ್ಷ್ಮದರ್ಶಕದಲ್ಲಿ ಒಂದು ಹನಿ ತೋರಿಸಿದರೆ, ದಾರಕ್ಕೆ ಕಟ್ಟಿದ ಗಂಟೆಗಳ ಹಾಗೆ ತೂಗಾಡುವ ಜೀವಗಳನ್ನು ನೋಡಿ, ಊರೆಲ್ಲ ತಿಂದು ಬಿಟ್ಟಿದ್ದನ್ನ ತಿನ್ನೋ ಇವಕ್ಕೆ ಊಟ ಆಯ್ತಾ ಅಂತ ವಿಚಾರಿಸೋಕೆ ನಿನಗೆ ಸಂಬಳ ಕೊಡ್ತಾರಾ, ಅಂತ ಬಿದ್ದು ಬಿದ್ದು ನಕ್ಕಳು. ಅಷ್ಟಕ್ಕೇ ನಿಲ್ಲಿಸಿ ಕರೆದುಕೊಂಡು ಹೋಗಿದ್ದರೆ ಚೆನ್ನಾಗಿತ್ತು. ಇವನಿಗೆ ಹೊಸ ವಿದ್ಯೆ ತೋರಿಸುವ ಉಮೇದು, ಗಾಳಿ ತೊಟ್ಟಿಯ ಕಟ್ಟೆಗೆ ಹತ್ತಿಸಿದ, ಅಮ್ಮಾ, ಇದರಲ್ಲಿ ಬಿದ್ರೆ ಎಂಥ ಈಜುಗಾರನೂ ತೇಲಲ್ಲ ಗೊತ್ತಾ, ನೀರಿನ ತುಂಬ ಗಾಳಿ ಗುಳ್ಳೆ, ನೀರು ಹಿಡಿದು ನಿಲ್ಸಲ್ಲ, ಸೀದಾ ತಳಕ್ಕೆ, ಅಂದ. ಅಮ್ಮನ ನಗು ಅಲ್ಲೇ ನಿಂತಿತು. ಕಂಬಿಯನ್ನು ಹಿಡಿದ ಕೈ ಬಿಡಿಸಬೇಕಾದರೆ ಇಬ್ಬರೂ ಸೇರಬೇಕಾಯಿತು, ಮನೆಗೆ ಬಂದು ಇವನ ತಲೆಗೊಂದು ಮೊಟಕಿ, ಅಕ್ಕನ್ನ ಅಲ್ಲಿ ನಿಲ್ಸಿ ನೀನು ನಗ್ತೀಯಾ, ಅಂದಳು. ಆವತ್ತಿಂದ ಅಮ್ಮ ಪಾಳಿಯ ಹೊತ್ತಲ್ಲಿ ಫೋನ್ ಮಾಡಿದ್ದೇ ಇಲ್ಲ, ಪಾಳಿ ಮುಗಿದ ಮೇಲೇ ಫೋನು, ಅದೂ ಹಲೋ ಇಲ್ಲ ಗಿಲೋ ಇಲ್ಲ, ಮೊದಲ ಮಾತೇ — ದಡದಲ್ಲಿದ್ದೀಯಾ? ದಡದಲ್ಲಿದ್ದೀನಿ ಕಣಮ್ಮಾ ಅಂದಮೇಲೇ ಬೆಲೆ ಏರಿದ್ದು, ಮೊಮ್ಮಗಳ ಕೆಮ್ಮು, ಪಕ್ಕದ ಮನೆಯವಳ ಜಂಬ. ಮುದುಕಿಯ ತಮಾಷೆ ಅಂದುಕೊಂಡಿದ್ದಳು ಇವಳು, ವರ್ಷಗಟ್ಟಲೆ ತಮಾಷೆ ಅಂತಲೇ ಉತ್ತರ ಕೊಟ್ಟಿದ್ದಳು.

ಇಳೀತಿದೆ, ಅಂತ ಯಾರೋ ಅಂದ ಹಾಗಾಯಿತು, ಅವನೇ, ಇಳೀತಿದೆ ಅಂತ ಹೇಳಿ ಅವರಿಗೆ, ಅನ್ನಬೇಕಿತ್ತು, ಹೇಳಲು ಮಾವ ಇಲ್ಲವಲ್ಲ, ಬರೀ ಇಳೀತಿದೆ ಅಂದ. ಅವಳು ಬಗ್ಗಿ ನೋಡಿದಳು. ಹೌದೇನೋ. ಜಾಡಿಯ ಬಾಯಿಯ ಕೆಳಗೆ ಬೆರಳಿನಷ್ಟು ದಪ್ಪಕ್ಕೆ ಒಂದು ತಿಳಿ, ಕಂದು ಅಲ್ಲಿಂದ ಗೆರೆ ಕೊಯ್ದ ಹಾಗೆ ಕೆಳಗೆ, ಗೆರೆಯ ಮೇಲೆ ಅವನ ಹಣೆಯ ಅಂಚು, ಕೂದಲು ಇಷ್ಟು ಹಿಂದಕ್ಕೆ ಹೋಗಿದೆಯಾ, ಯಾವಾಗ ಹೋಯಿತು, ತಾನು ನೋಡದ ಎರಡು ವರ್ಷದಲ್ಲೇ ಇರಬೇಕು, ಯಾರು ಹೇಳುತ್ತಾರೆ ಇವನಿಗೆ ತಲೆಗೆ ಎಣ್ಣೆ ಹಚ್ಚಿಕೋ ಅಂತ. ತುಂಬಾ ಆಸೆಪಡಬಾರದು, ನಿನ್ನೆಯೂ ಇಷ್ಟು ಇಳಿದು ನಿಂತುಬಿಟ್ಟಿತ್ತು. ಗೆರೆ ಸರಿಯಿತು, ಕಣ್ಣು ರೆಪ್ಪೆ ಹೊಡೆದು ತೆರೆಯುವಷ್ಟರಲ್ಲಿ ಸರಿದ ಹಾಗಿಲ್ಲ, ಆದರೆ ಸರಿದಿದೆ, ಈಗ ಹುಬ್ಬು, ಹುಬ್ಬಿನ ಮೇಲಿನ ಗಾಯ, ಬಲ ಹುಬ್ಬಿನ ಗಾಯ ಎಡಕ್ಕೆ ಬಂದು ಕೂತಿದೆ, ಗಾಜೂ ನೀರೂ ಸೇರಿ ಮುಖವನ್ನು ಅದಲುಬದಲು ಮಾಡುತ್ತವೆ, ಅದು ಹೊಸ್ತಿಲು ತಾಗಿ ಆದ ಗಾಯ, ನಾನು ಮೊದಲು ನಾನು ಮೊದಲು ಅಂತ ಇಬ್ಬರೂ ಓಡಿ, ಇವಳು ಮೊದಲಾಗಿ, ಹಿಂದೆ ದೊಪ್ಪನೆ ಸದ್ದು, ರಕ್ತ ನೋಡಿ ಇವಳೇ ಹೆಚ್ಚು ಅತ್ತಿದ್ದು, ಅವನು ಅಳಲಿಲ್ಲ, ಅವನು ಅಳುವುದೇ ಇಲ್ಲ, ಅಮ್ಮ ಹೋದ ದಿನವೂ ಅಳಲಿಲ್ಲ ಕಲ್ಲು ಮುಂಡೇದು, ನೆಂಟರೆಲ್ಲರ ಎದುರಿಗೆ ತಾನು ಬಾಯಿಗೆ ಬಂದ ಹಾಗೆ ಬೈದರೂ ಬಾಯಿ ಬಿಡಲಿಲ್ಲ. ಬೈಯದೆ ಏನು ಮಾಡಬೇಕಿತ್ತು. ಅಮ್ಮ ಇವನ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಹೋದಳು, ಇವನು ಫೋನ್ ಮಾಡಿದ್ದು ಇವಳ ಸಂಜೆ ಪಾಳಿ ಮುಗಿದ ಮೇಲೆ, ಅಷ್ಟು ಹೊತ್ತು ಹೆಣದ ಪಕ್ಕ ಸುಮ್ಮನೆ ಕೂತಿದ್ದನಂತೆ, ಪ್ಲಾಂಟಿಗೆ ಒಂದು ಫೋನ್ ಮಾಡಿದ್ದರೆ ಮಾವ ಓಡಿ ಬಂದು ಹೇಳುತ್ತಿರಲಿಲ್ಲವಾ, ಸರಿ, ಅದನ್ನಾದರೂ ನುಂಗಿಕೊಳ್ಳಬಹುದು. ಆದರೆ ಆ ಫೋನು. ಲಾಕರಿನಿಂದ ಫೋನ್ ತೆಗೆದು ಕಿವಿಗಿಟ್ಟರೆ, ಅಕ್ಕಾ, ದಡದಲ್ಲಿದ್ದೀಯಾ, ಅಂದ. ಅಮ್ಮನದೇ ಧಾಟಿಯಲ್ಲಿ. ಅವಳು ನಕ್ಕಳು. ಜೋರಾಗಿ ನಕ್ಕಳು, ದಡದಲ್ಲೇ ಇದೀನಿ ಕಣೋ ಮಂಗಾ, ನೀನ್ಯಾವಾಗ ಅಮ್ಮ ಆದೆ, ಅಂದಳು. ಆಮೇಲೆ ಹೇಳಿದ. ಅಮ್ಮ ಹೋಗಿದ್ದಾಳೆ ಅನ್ನುವ ಹೊತ್ತಲ್ಲಿ ಅವಳ ಬಾಯಲ್ಲಿ ನಗು ಇತ್ತು, ಆ ನಗು ಬಾಯಿಂದ ಇಳಿಯುವುದಕ್ಕೂ ಸಮಯ ಹಿಡಿಯಿತು, ಅದನ್ನು ಹೇಗೆ ಮರೆಯುವುದು, ನಗಿಸಿ ಹೇಳುವ ಸುದ್ದಿಯಾ ಅದು.

ಯಾಕೋ ನಗಿಸಿದೆ ನನ್ನ, ಅಂದಳು. ಅಂದುಬಿಟ್ಟಳು, ಯೋಚಿಸಿ ಅಂದದ್ದಲ್ಲ, ಜಾಡಿಗೆ ಹೇಳಿದ ಹಾಗೆ ಹೇಳಿದಳು. ಆ ಕಡೆ ಸ್ಟೂಲು ಕಿರ್ ಅಂದಿತು. ಏನು, ಅಂದ. ಆವತ್ತು ಫೋನಲ್ಲಿ, ಅಮ್ಮನ ಮಾತಾಡಿ ಯಾಕೆ ನಗಿಸಿದೆ, ತಮಾಷೆ ಮಾಡೋ ಹೊತ್ತಾ ಅದು. ಬ್ಲೋವರ್ ಗುರ್ ಅನ್ನುತ್ತಲೇ ಇತ್ತು, ಗೆರೆ ಹುಬ್ಬಿನ ಕೆಳಗೆ ಬಂದಿತ್ತು. ತಮಾಷೆನಾ, ಅಂದ ಅವನು, ಅಕ್ಕಾ, ಅದು ನಾನು ಕೇಳಿದ್ದಲ್ಲ, ಅಮ್ಮ ಕೇಳು ಅಂದಿದ್ದು. ಡಾಕ್ಟರು ಬಂದು ನೋಡಿ ಹೋಗಿದ್ರು, ಆಸ್ಪತ್ರೆ ಬೇಡ ಅಂತ ಅವಳದೇ ಹಟ, ಉಸಿರು ಹತ್ತುತ್ತಿತ್ತು, ಅಕ್ಕಂಗೆ ಫೋನ್ ಮಾಡ್ತೀನಿ ಅಂದೆ, ಕೈ ಹಿಡಿದುಕೊಂಡ್ಲು, ಬೇಡ, ಅವಳು ತೊಟ್ಟಿ ಮೇಲಿರ್ತಾಳೆ, ಗಾಬರಿಗೆ ಕಾಲು ಜಾರುತ್ತೆ, ಪಾಳಿ ಮುಗೀಲಿ, ನಾನೇ ಮಾತಾಡ್ತೀನಿ ಅಂದ್ಲು. ಗಡಿಯಾರ ಕಾಣೋ ಹಾಗೆ ದಿಂಬು ತಿರುಗಿಸು ಅಂದ್ಲು. ಅದನ್ನೇ ನೋಡ್ತಾ ಇದ್ಲು ಅಕ್ಕಾ, ನಿನ್ನ ಪಾಳಿ ಮುಗಿಯೋವರೆಗೂ ಇರ್ತೀನಿ ಅಂತಲೇ ಅಂದುಕೊಂಡಿದ್ಲು. ಆಮೇಲೆ ಯಾಕೋ, ನನ್ನ ಕೈಲಾಗದಿದ್ರೆ ನೀನು ಮಾಡು, ಮೊದಲು ದಡದಲ್ಲಿದ್ದೀಯಾ ಅಂತ ಕೇಳು, ಹೂಂ ಅಂದಮೇಲೇ ಹೇಳು, ಅಂದ್ಲು. ಅಮ್ಮನ ಧಾಟಿ ಬಂತೋ ಏನೋ, ನನಗೆ ಬೇರೆ ಧಾಟಿ ಬರಲ್ಲ.

ಎರಡು ವರ್ಷ ಯಾಕೋ ಹೇಳ್ಲಿಲ್ಲ, ಅಂದಳು. ಏನಂತ ಹೇಳೋದು, ಅಮ್ಮನೇ ನಿನ್ನ ಕರೀಬೇಡ ಅಂದ್ಲು ಅಂತಾನಾ, ಸಿಟ್ಟು ನನ್ನ ಮೇಲೇ ಇರಲಿ, ಅವಳ ಮೇಲೆ ಬೇಡ ಅಂತ ಬಿಟ್ಟೆ, ಆಮೇಲೆ ನೀನು ಬೈದಿದ್ದೂ ಸ್ವಲ್ಪ ಜಾಸ್ತೀನೇ ಇತ್ತು. ಅವಳಿಗೆ ಎದೆಯಿಂದ ಏನೋ ಮೇಲೆ ಬಂತು, ತಡೆದಳು, ಮೇಜು ಅಲ್ಲಾಡುತ್ತೆ, ಜಾಡಿ ಅಲ್ಲಾಡುತ್ತೆ, ಕೊಳ ತುಂಬಿದೆ, ಮೇಡಂ ಗೇಟಿನ ಹತ್ತಿರ ನಿಂತಿದ್ದಾರೆ, ಅಮ್ಮ ಗಡಿಯಾರದ ಕಡೆ ಮುಖ ಮಾಡಿ ಮಲಗಿದ್ದಾಳೆ, ತಾನು ಆ ಹೊತ್ತಲ್ಲಿ ಕಟ್ಟೆಯ ಮೇಲೆ ಕಂಬಿ ಹಿಡಿಯದೆ ಓಡಾಡುತ್ತಿದ್ದಳು, ನೊರೆ ನೋಡುತ್ತಾ, ಹಾಡೇನಾದರೂ ಗುನುಗುತ್ತಿದ್ದಳೋ ಏನೋ, ಅಮ್ಮ ಅಲ್ಲಿಂದಲೇ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತಿದ್ದಾಳೆ, ಬಿಡಿಸಬೇಕಾದರೆ ಇಬ್ಬರೂ ಬೇಕು — ಮಡಿಲಲ್ಲಿದ್ದ ಕೈ ಯಾವಾಗ ಮೇಜಿಗೆ ಬಂತೋ, ಅಂಚನ್ನು ಹಿಡಿದುಕೊಂಡಿದೆ, ಭುಜ ಕುಲುಕುತ್ತಿದೆ.

ಅಕ್ಕಾ, ಮೇಜು ಅಲ್ಲಾಡ್ತಿದೆ, ಅಂದ ಅವನು ಮೆಲ್ಲಗೆ.

ಅಲ್ಲಾಡ್ಲಿ ಬಿಡೋ, ಅಂದಳು, ಇಳಿದಾಯ್ತಲ್ಲ.

ಇಳಿದಿತ್ತು. ಕೆಸರೆಲ್ಲ ತಳದಲ್ಲಿ ಒತ್ತಾಗಿ ಕೂತಿತ್ತು, ಮೇಜಿನ ನಡುಕಕ್ಕೂ ಕದಡದಷ್ಟು ಒತ್ತಾಗಿ, ಮೇಲೆ ತಿಳಿನೀರು, ತಿಳಿನೀರಿನಲ್ಲಿ ಅವನ ಕಣ್ಣು, ಅಗಲವಾಗಿ, ಒದ್ದೆಯಾಗಿ, ಒಂದಿಷ್ಟು ಮೆಳ್ಳಗೆ. ತಳದ ಕೆಸರಿನಿಂದ ಒಂದು ಗುಳ್ಳೆ ಬಿಡಿಸಿಕೊಂಡು ಎದ್ದಿತು, ಉಸಿರಾಡುವವರು ಯಾರೋ ಕೆಳಗೆ ಇದ್ದ ಹಾಗೆ, ಅವಸರವಿಲ್ಲದೆ ಮೇಲೆ ಬಂತು, ಆ ಕಣ್ಣಿನ ಮುಂದೆ ಹಾದು ಹೋಯಿತು, ಕಣ್ಣು ಅದನ್ನು ನೋಡುತ್ತಾ ಮೇಲಕ್ಕೆ ಹೊರಳಿ ಮತ್ತೆ ಇವಳ ಕಡೆ ಬಂದು ನಿಂತಿತು — ತಿಳಿನೀರು, ಅಮ್ಮನ ಕಣ್ಣು.