ನಕ್ಷತ್ರಹಣ್ಣು ವಾಪಸ್ ತಂದವಳು

ದೊಡ್ಡಾಸ್ಪತ್ರೆಯ ಎದುರಿನ ಹಣ್ಣಿನಂಗಡಿಯಲ್ಲಿ ಅತ್ತೆಯದೊಂದು ಪದ್ಧತಿ. ಯಾರು ಬಂದು ಯಾವ ಹಣ್ಣು ಕೇಳಿದರೂ ತಕ್ಕಡಿಗೆ ಕೈ ಹಾಕುವ ಮೊದಲು ‘ಯಾರಿಗೆ?’ ಎಂದು ಕೇಳುವಳು. ಬಾಣಂತಿಗೋ, ಸಕ್ಕರೆ ಕಾಯಿಲೆಯವರಿಗೋ, ಹಲ್ಲಿಲ್ಲದ ಅಜ್ಜನಿಗೋ ಎಂದು ತಿಳಿದ ಮೇಲೆಯೇ ತೂಕ. ದೇವರು ಒಂದೊಂದು ಹಣ್ಣಿನೊಳಗೂ ಒಂದೊಂದು ಗುಣ ಇಟ್ಟಿದ್ದಾನೆ, ಅದನ್ನರಿಯದೆ ಮಾರಿದರೆ ಅವನಿಗೇ ಅವಮಾನ ಮಾಡಿದ ಹಾಗೆ ಎಂಬುದು ಅವಳ ನಂಬಿಕೆ.

ಸೊಸೆ ಬಂದು ಎಂಟು ತಿಂಗಳಾಗಿತ್ತು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಆದರೆ ಈ ಒಂದು ಪ್ರಶ್ನೆ ಮಾತ್ರ ಅವಳ ಗಂಟಲಲ್ಲೇ ನಿಂತುಬಿಡುತ್ತಿತ್ತು. ಊರವರ ಮನೆಯ ಕಾಯಿಲೆ ಕಟ್ಟಿಕೊಂಡು ನಮಗೇನಾಗಬೇಕು ಎಂಬುದು ಒಂದು, ಕೇಳಲು ನಾಚಿಕೆ ಇನ್ನೊಂದು. ಅದರಲ್ಲೂ ಕೆಂಪು ತಿರುಳಿನ ಡ್ರ್ಯಾಗನ್ ಹಣ್ಣು ಮಾರುವಾಗ ಅತ್ತೆ ಗಿರಾಕಿಯ ಕಿವಿಯ ಬಳಿ ಬಾಗಿ, ನಾಳೆ ಬೆಳಗ್ಗೆ ಕೆಂಪಗೆ ಹೋದರೆ ರಕ್ತವೆಂದು ಎದೆ ಒಡೆದುಕೊಳ್ಳಬೇಡಿ, ಅದು ಹಣ್ಣಿನ ಬಣ್ಣ ಎನ್ನುವಾಗ, ಸೊಸೆ ಮುಖ ತಿರುಗಿಸಿ ಒರೆಸಿದ ಕಿತ್ತಳೆಯನ್ನೇ ಮತ್ತೆ ಒರೆಸುತ್ತಿದ್ದಳು. ಈ ಮಾತು ಕೇಳಿಸಿಕೊಳ್ಳದೆ ಹೋದ ಪೊಲೀಸಿನವನೊಬ್ಬ ಮರುದಿನ ಇದೇ ಆಸ್ಪತ್ರೆ ಸೇರಿ, ಎರಡು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು ಮನೆಗೆ ಹೋದ ಕಥೆ ಬೀದಿಗೆಲ್ಲ ಗೊತ್ತಿತ್ತು.

ಆ ವಾರ ಡ್ರ್ಯಾಗನ್ ಹಣ್ಣು, ನಕ್ಷತ್ರಹಣ್ಣು ಎರಡೂ ಒಟ್ಟಿಗೆ ಬಂದವು. ಕೇಳುವ ಗೋಜೇ ಬೇಡವೆಂದು ಸೊಸೆ ಒಂದು ಹಲಗೆಯ ಮೇಲೆ ಎರಡರ ಗುಣವನ್ನೂ ಚೆಂದದ ಅಕ್ಷರದಲ್ಲಿ ಬರೆದು ತೂಗುಹಾಕಿದಳು. ಡ್ರ್ಯಾಗನ್ ಹಣ್ಣಿನಲ್ಲಿ ನಾರು ಹೆಚ್ಚು, ಹೊಟ್ಟೆ ಸಲೀಸು. ನಕ್ಷತ್ರಹಣ್ಣಿನಲ್ಲಿ ಸಿಹಿ ಕಡಿಮೆ, ವಿಟಮಿನ್ ಸಿ ಹೆಚ್ಚು, ಬಾಯಿಗೆ ರುಚಿ ಬರುತ್ತದೆ. ಅತ್ತೆ ಕನ್ನಡಕ ಏರಿಸಿ ಓದಿದಳು. ಸುಳ್ಳೇನೂ ಇಲ್ಲ ಎಂದಳು. ಕಿಡ್ನಿ ಕೆಟ್ಟವರಿಗೆ ನಕ್ಷತ್ರಹಣ್ಣು ವಿಷ, ಅದನ್ನೂ ಒಂದು ಸಾಲು ಸೇರಿಸು ಎಂದಳು.

“ಮಾರೋ ಹಣ್ಣಿನ ಮೇಲೆ ವಿಷ ಅಂತ ಯಾರಾದ್ರೂ ಬರೀತಾರಾ ಅತ್ತೆ?” ಎಂದು ಸೊಸೆ ನಕ್ಕಳು.

“ಹಾಗಾದ್ರೆ ಬಾಯಲ್ಲಿ ಕೇಳು. ನಿನ್ನ ಹಲಗೆಗೆ ಬಾಯಿ ಇದೆ, ಕಿವಿ ಇಲ್ಲ.”

ಮಾರನೆಯ ದಿನ ಅತ್ತೆ ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ ಬಂದಾಗ ನಕ್ಷತ್ರಹಣ್ಣಿನ ಬುಟ್ಟಿಯಲ್ಲಿ ನಾಲ್ಕು ಕಡಿಮೆಯಿದ್ದವು. ಯಾರು ಕೊಂಡರೆಂದು ಕೇಳಿದಳು. ಒಬ್ಬ ವಯಸ್ಸಾದವರು ಹಲಗೆಯನ್ನು ಎರಡು ಸಲ ಓದಿದರು, ಹೆಂಡತಿಗೆ ಬಾಯಿರುಚಿ ಕೆಟ್ಟಿದೆಯೆಂದು ತಾವೇ ಆರಿಸಿಕೊಂಡು ಹೋದರು ಎಂದು ಸೊಸೆ ಹೆಮ್ಮೆಯಿಂದಲೇ ಹೇಳಿದಳು. ರುಚಿ ಯಾಕೆ ಕೆಟ್ಟಿತ್ತಂತೆ ಎಂದು ಅತ್ತೆ ಕೇಳಿದಳು. ಸೊಸೆ ಆಸ್ಪತ್ರೆಯ ಗೇಟಿನತ್ತ ತಿರುಗಿ ನೋಡಿದಳು.

“ಅತ್ತೆ, ಅವ್ರ ಕಂಕುಳಲ್ಲಿ ಹಳದಿ ಫೈಲ್ ಇತ್ತು.”

ಆ ಆಸ್ಪತ್ರೆಯಲ್ಲಿ ಹಳದಿ ಫೈಲು ಕೊಡುವುದು ಡಯಾಲಿಸಿಸ್‌ನವರಿಗೆ ಮಾತ್ರ. ಅತ್ತೆಯ ನಾಲಿಗೆಯ ತುದಿಗೆ ಬೈಗುಳ ಬಂದಿತ್ತು. ಅದು ಹೊರಬೀಳುವಷ್ಟರಲ್ಲಿ ಸೊಸೆ ಚಪ್ಪಲಿ ಅಲ್ಲೇ ಬಿಟ್ಟು ರಸ್ತೆಗಿಳಿದಿದ್ದಳು. ಆ ಮನುಷ್ಯನ ಬಲಗಣ್ಣಿನ ಸುತ್ತ ಉಂಗುರದ ಹಾಗೆ ಒತ್ತಿದ ಗುರುತಿತ್ತು, ಮಸೂರ ಸಿಕ್ಕಿಸಿಕೊಂಡು ಗಡಿಯಾರ ರಿಪೇರಿ ಮಾಡುವವರಿಗೆ ಇರುವಂಥದ್ದು, ಗಡಿಯಾರದಂಗಡಿಗಳ ಓಣಿಯಲ್ಲಿ ಹುಡುಕುತ್ತೇನೆ ಎಂದು ಓಡುತ್ತಲೇ ಕೂಗಿ ಹೇಳಿದಳು.

ಅತ್ತೆ ಸ್ಟೂಲಿನ ಮೇಲೆ ಕುಳಿತಳು. ಕಾಣದ ಆ ಹೆಂಗಸಿಗಾಗಿ ದೇವರನ್ನು ಬೇಡಿಕೊಂಡಳು, ಓಡುತ್ತಿರುವ ಕಾಲುಗಳಿಗಾಗಿಯೂ ಬೇಡಿಕೊಂಡಳು. ನಡುವೆ ಬಂದ ಗಿರಾಕಿಗೆ ಸಪೋಟದ ಬದಲು ಮೂಸಂಬಿ ತೂಗಿಕೊಟ್ಟಳು. ಯಾರಿಗೆಂದು ಕೇಳುವುದನ್ನೇ ಮರೆತಳು.

ಅರ್ಧ ಗಂಟೆಗೆ ಸೊಸೆ ಬಂದಳು. ಒಂದು ಕೈಯಲ್ಲಿ ಮೂರು ಇಡೀ ಹಣ್ಣು, ಇನ್ನೊಂದರಲ್ಲಿ ಕಾಗದದಲ್ಲಿ ಸುತ್ತಿದ ಹೋಳುಗಳು. ಹಿಂದೆಯೇ ಗಡಿಯಾರದ ಯಜಮಾನರು ಏದುಸಿರು ಬಿಡುತ್ತ ಬಂದು, ಸುಧಾರಿಸಿಕೊಂಡು, ನಡೆದದ್ದನ್ನು ಹೇಳಿದರು. ಈ ಹುಡುಗಿ ಮೂರು ಅಂಗಡಿ ಹತ್ತಿಳಿದು, ನಾಲ್ಕನೆಯದರಲ್ಲಿ ವಿಳಾಸ ಹಿಡಿದು ಮನೆ ಮೆಟ್ಟಿಲೇರಿದ್ದಳು. ಹೆಂಡತಿ ಹಣ್ಣಿನ ಹೋಳಿನ ಮೇಲೆ ಉಪ್ಪು ಉದುರಿಸಿ ತುಟಿಯ ಹತ್ತಿರ ತಂದಿದ್ದಳು. ಹುಡುಗಿ ಅದನ್ನು ಕೈಯಿಂದಲೇ ಕಿತ್ತುಕೊಂಡಳು. ತಾವು ಗಾಬರಿಯಾಗಿ ಡಯಾಲಿಸಿಸ್ ವಾರ್ಡಿಗೆ ಫೋನ್ ಮಾಡಿದರೆ, ಒಂದು ಚೂರೂ ಬೇಡ, ತಿಂದರೆ ವಿಷ ತಲೆಗೇರುತ್ತದೆ ಎಂದು ನರ್ಸಮ್ಮ ಗದರಿದರಂತೆ.

“ಮನೆ ಮಧ್ಯೆ ನಿಂತು, ನಂದೇ ತಪ್ಪು, ನಾನು ಕೇಳ್ಬೇಕಿತ್ತು, ಕೇಳ್ಲಿಲ್ಲ ಅಂದ್ಲು. ನಾವ್ಯಾರೂ ಅವಳನ್ನ ಒಂದು ಮಾತು ಅಂದಿರ್ಲಿಲ್ಲ ತಾಯಿ. ನಿಮ್ಮ ಮಗಳಾ?”

“ಸೊಸೆ,” ಎಂದಳು ಅತ್ತೆ. ಎಷ್ಟೋ ಸಲ ಆಡಿದ ಮಾತೇ. ಅಂದು ಮಾತ್ರ ಅವಳ ಕತ್ತು ತಾನಾಗಿ ನೆಟ್ಟಗಾಯಿತು.

ಬರಿಗೈಯಲ್ಲಿ ಹೋಗಲಾರದೆ ಯಜಮಾನರು ಡ್ರ್ಯಾಗನ್ ಹಣ್ಣಾದರೂ ಕೊಡಿ ಎಂದರು. ಅತ್ತೆ ಬಾಯಿ ತೆರೆಯುವ ಮೊದಲೇ ಸೊಸೆ ಬುಟ್ಟಿಯ ಮೇಲೆ ಕೈ ಇಟ್ಟಳು.

“ಅದೂ ಈಗ ಬೇಡ. ಡಾಕ್ಟ್ರನ್ನ ಕೇಳ್ಕೊಂಡು ಬನ್ನಿ, ತೆಗೆದಿಟ್ಟಿರ್ತೀನಿ. ಆಮೇಲೆ ಇನ್ನೊಂದು ವಿಷ್ಯ, ಇದನ್ನ ತಿಂದ ಮಾರನೇ ದಿನ...” ಎಂದು ಶುರುಮಾಡಿ, ಆ ಕೆಂಪಿನ ಸಂಗತಿಯನ್ನೂ ಒಂದಿಷ್ಟೂ ನಾಚದೆ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು.

ಜಂಬ ಕೊಚ್ಚಿಕೊಳ್ಳುವುದು ಪಾಪವೆಂದು ಬಲ್ಲ ಅತ್ತೆ, ಆ ಸಂಜೆಯೊಳಗೆ ಈ ಕಥೆಯನ್ನು ಜ್ಯೂಸಿನವನಿಗೆ, ಔಷಧಿ ಅಂಗಡಿಯವಳಿಗೆ, ಕೇಳದಿದ್ದರೂ ಆಟೋದವರಿಗೆ ಹೇಳಿದ್ದಳು. ದೀಪ ಹಚ್ಚಿ ಕಣ್ಣು ಮುಚ್ಚಿದಾಗ, ಬಾಯಿ ತಡೆಯಲಾಗಲಿಲ್ಲ, ಕ್ಷಮಿಸಪ್ಪಾ ಎಂದು ಕೈ ಮುಗಿದಳು. ಕ್ಷಮೆ ಕೇಳಿದ್ದು ಯಾಕೆಂದು ದೇವರಿಗೆ ಸರಿಯಾಗಿ ತಿಳಿಯಲೆಂದು ಹಳದಿ ಫೈಲಿನಿಂದ ಶುರುಮಾಡಿ, ನಿಧಾನವಾಗಿ, ಒಂದನ್ನೂ ಬಿಡದೆ ಅವನಿಗೂ ಹೇಳತೊಡಗಿದಳು.