ಮಡ್ಡಮ್ಮನ ಬಟಾಟೆ

ಕೊಬ್ಬು ಕರಗುವ ಸದ್ದು ಚುರ್ರೆಂದು ಒಮ್ಮೆ ಎದ್ದು ಸುಮ್ಮನಾಯಿತು, ಬೆಣ್ಣೆ ಸವರಿದ ಪಾತ್ರೆಯ ತಳದಲ್ಲಿ ಹಂದಿಮಾಂಸದ ತೆಳು ಹೋಳು ಅಂಚು ಮಡಚಿಕೊಂಡು ಮೇಲೆದ್ದಿತು, ಆ ವಾಸನೆ — ಮದುವೆಯಾಗಿ ನಾಲ್ಕು ವರ್ಷವಾದರೂ ಗೌರಿಗೆ ಅದು ಮೂಗಿನ ತುದಿಯಲ್ಲೇ ನಿಲ್ಲುತ್ತದೆ, ಒಳಗಿಳಿಯುವುದಿಲ್ಲ — ಈಗ ಕಿಟಕಿಯಿಂದ ಹೊರಬಿದ್ದು, ಬೇಲಿ ದಾಟಿ, ಇಗರ್ಜಿಯ ಮೂಲೆಯ ಹುಣಸೆಮರದ ತನಕ ಹೋಗಿರಬಹುದು, ಅಲ್ಲಿ ಅಪ್ಪ ನಿಂತಿದ್ದಾನೆ. ನಿಂತಿದ್ದಾನೋ, ಹೊರಟೇ ಹೋದನೋ. ಬಾವಿಗೆ ಬಂದ ಪಕ್ಕದ ಮನೆ ದೇವಕ್ಕ ಕೊಡ ಇಳಿಸದೆಯೇ, ಗೌರಿಗೆ ಇಗರ್ಜಿಯಲ್ಲಿ ಇಟ್ಟ ಹೆಸರು ಹಿಡಿದು ಕರೆದು ಹೇಳಿದ್ದು, ಗ್ರಾಸಿ, ಯಾರೋ ಪಟಗ ಸುತ್ತಿದ ಮುದುಕ್ರು, ಹಣೆ ತುಂಬ ವಿಭೂತಿ, ಪಾಸ್ಕು ಡ್ರೈವರನ ಮನೆ ಯಾವ್ದು ಕೇಳ್ತಿದ್ರು, ತೋರ್ಸಿದ್ರೂ ಬರ್ಲಿಲ್ಲ ಮಾರಾಯ್ತಿ, ಮರದ ಬುಡಕ್ಕೇ ನಿಂತಾರೆ. ಬನವಾಸಿಯಿಂದ ಅಪ್ಪ ಶಂಕ್ರಪ್ಪನಲ್ಲದೆ ಇನ್ಯಾರು ಬಂದಾರು, ಆದರೆ ಒಬ್ಬನೇ ಬಂದಿದ್ದಾನೆಯೇ, ಮರದ ಹಿಂದೆ ಅಣ್ಣ ಮಧುಕೇಶ್ವರನೂ ಇರಬಹುದಲ್ಲ, ಅಂದು ಶಿರಸಿಯ ಪೇಟೆಯಲ್ಲೇ ಗಂಡ ಪಾಸ್ಕುವಿನ ಲಾರಿ ಅಡ್ಡಗಟ್ಟಿ ಕುಡಗೋಲು ಎತ್ತಿದವನು, ಇನ್ನೊಂದ್ಸಲ ಕಂಡ್ರ ಇಬ್ರನ್ನೂ ಕಡಿತೀನಿ ಅಂದವನು. ಪಾಸ್ಕು ಇವತ್ತು ಇಲ್ಲ, ದಾಂಡೇಲಿಗೆ ಮರದ ನಾಟಾ ಹೇರಿಕೊಂಡು ಹೋದವನು ನಾಳೆ ಬರುತ್ತಾನೆ. ಕಿಟಕಿ ಮುಚ್ಚಿದಳು. ಮುಚ್ಚಿದರೆ ಹೊಗೆ ಒಳಗೇ ಸುತ್ತಿ ಅತ್ತೆಗೆ ಕೆಮ್ಮು ಬಂತು, ಮತ್ತೆ ತೆರೆದಳು, ಹೋಗಲಿ, ಹೋಗುವ ವಾಸನೆ ಹೋಗಲಿ.

ಬಟಾಟೆ ಕಾಗದದಷ್ಟು ತೆಳ್ಳಗಿರಬೇಕು, ಒಳಕೋಣೆಯಿಂದ ಅತ್ತೆ ನತಾಲಿಬಾಯಿಯ ದನಿ, ಜ್ವರ ಹಿಂಡಿದ ದನಿ, ಒಂದು ಪದರ ಬಟಾಟೆ, ಮೇಲೆ ಹ್ಯಾಮು, ಮೇಲೆ ಈರುಳ್ಳಿ, ಮೆಣಸು ಚಿಮುಕಿಸು, ಮತ್ತೆ ಬಟಾಟೆ, ಅವಸರ ಮಾಡಬೇಡ ಬಾಯೆ. ಅವಸರ ಮಾಡುತ್ತಿಲ್ಲ, ಕಣ್ಣು ಕಿಟಕಿಯ ಕಡೆಗೇ ಹೋಗುತ್ತಿದೆ ಅಷ್ಟೆ. ಜ್ವರ ಬಿಟ್ಟ ಮೇಲೂ ಗಂಜಿ ಮುಟ್ಟದೆ, ಹಾಲು ಮುಟ್ಟದೆ ಗೋಡೆ ಕಡೆ ತಿರುಗಿ ಮಲಗಿದ್ದ ಮುದುಕಿ ನಿನ್ನೆ ಸಂಜೆ ಇತ್ತ ಹೊರಳಿ ಕೇಳಿದ್ದು ಇದೊಂದನ್ನೇ, ಮಡ್ಡಮ್ಮನ ಬಟಾಟೆ ತಿನ್ನಬೇಕು ಅನ್ನಿಸ್ತದೆ ಅಂತ. ಯಲ್ಲಾಪುರದ ಕಾಡಿನ ಸಾಹೇಬನ ಬಂಗಲೆಯಲ್ಲಿ ಈ ಅತ್ತೆಯ ಅಜ್ಜಿ ಅಡುಗೆಗಿದ್ದಳಂತೆ, ಸಾಹೇಬನ ಹೆಂಡತಿ ಮಡ್ಡಮ್ಮ ಕಲಿಸಿದ್ದಂತೆ, ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ನತಾಲಿಬಾಯಿಗೆ, ಹೆಣ್ಣುಮಕ್ಕಳಿಲ್ಲದ ನತಾಲಿಬಾಯಿಯಿಂದ ಇನ್ಯಾರಿಗೆ — ನನಗೆ, ಬಸವಣ್ಣನ ವಿಭೂತಿ ಹಚ್ಚಿಕೊಂಡು ಬೆಳೆದ ನನಗೆ! ಪ್ರತಿ ಕ್ರಿಸ್ಮಸ್ಸಿಗೂ ಅತ್ತೆ ತಾನೇ ಮಾಡಿ, ಪಾತ್ರೆ ತಾನೇ ತಿಕ್ಕಿ, ನೀನು ಮುಟ್ಟಬೇಡ ಬಾಯೆ, ನಿನಗೆ ಹೇಸಿಗೆ ಆಗ್ತದೆ, ನೀನು ಅನ್ನ ಸಾರು ಮಾಡು ಸಾಕು, ಎಂದು ಬಾಗಿಲಾಚೆಯೇ ನಿಲ್ಲಿಸುತ್ತಿದ್ದಳು, ಯಾರೂ ಬಲವಂತ ಮಾಡಲಿಲ್ಲ, ಒಂದು ದಿನವೂ ಮಾಡಲಿಲ್ಲ, ಅದಕ್ಕೇ ಇವತ್ತು ಹೇಸಿಗೆ ನುಂಗಿಕೊಂಡು ಕತ್ತರಿಸಿದ್ದು. ಮೈದಾ ಕದಡಿ ಕುದಿಸಿದ ಹಾಲು ಸುರಿದಳು, ಪದರಗಳ ಸಂದಿಯಲ್ಲಿ ಬಿಳಿಯದು ಮೆಲ್ಲಗೆ ಇಳಿಯಿತು, ತಟ್ಟೆ ಮುಚ್ಚಿ ತಟ್ಟೆಯ ಮೇಲೆ ಕೆಂಡ ಹರಡಿದಳು, ಇನ್ನು ಮೇಲೂ ಕೆಂಡ ಕೆಳಗೂ ಕೆಂಡ, ನಡುವೆ ಬಟಾಟೆ ಬೇಯಬೇಕು, ಮೇಲಿನದು ಆರಿದರೆ ಹಸಿ, ಕೆಳಗಿನದು ಹೆಚ್ಚಿದರೆ ಕರಕು, ಅಲ್ಲಾಡುವಂತಿಲ್ಲ. ಅಪ್ಪ ಯಾಕೆ ಬಂದ. ಬೈಯಲು ಬಂದವನು ಮರದ ಬುಡದಲ್ಲಿ ನಿಲ್ಲುತ್ತಾನೆಯೇ.

ಮೆಟ್ಟಿನ ಸದ್ದು. ಚರ್ಮದ ಮೆಟ್ಟು, ಎಡಗಾಲು ಸ್ವಲ್ಪ ಎಳೆಯುವುದು, ಆ ಸದ್ದು ಕೇಳಿದರೆ ಅವ್ವ ನೀಲಗಂಗವ್ವ ತಾಟು ಹಾಕುತ್ತಿದ್ದಳು, ಬಂದ್ರ ನೋಡ ನಿಮ್ಮಪ್ಪ, ನೀರು ಕೊಡ ಕಾಲಿಗೆ — ಗೌರಿ ತಿರುಗಿ ನೋಡುವಷ್ಟರಲ್ಲಿ ಹಿತ್ತಿಲ ಬಾಗಿಲ ಬೆಳಕು ಮುಚ್ಚಿತು. ಒಬ್ಬನೇ. ಇಷ್ಟು ಮುದುಕನಾಗಿದ್ದಾನೆಯೇ, ಗಲ್ಲದ ಮೂಳೆ ಎದ್ದಿದೆ. ಅವನ ಮೂಗು ಅರಳಿತು, ಕಂಡಳು, ಒಲೆಯ ಮೇಲಿನ ಪಾತ್ರೆಯನ್ನು ನೋಡಿದ, ಎಡಗೈ ತಾನಾಗಿ ಮೇಲೆದ್ದು ಅಂಗಿಯ ಮೇಲಿಂದ ಎದೆಯ ಲಿಂಗವನ್ನು ಹಿಡಿದುಕೊಂಡಿತು. ಇವಳ ಕೈಯೂ ಎದೆಗೆ ಹೋಯಿತು, ಅಲ್ಲಿ ಶಿಲುಬೆ, ಮೈಸೂರು ರಾಜ್ಯಕ್ಕೆ ಸೇರಿದೆವೆಂದು ಊರೆಲ್ಲ ಪೇಢೆ ಹಂಚಿದ ದಿನ ತನ್ನ ಲಿಂಗವನ್ನು ಬಿಚ್ಚಿ ದೇವರ ಗೂಡಿನಲ್ಲಿಟ್ಟು ಹೊರಟುಬಂದವಳು ಇವಳು, ಅವ್ವ ಅದನ್ನು ಕಂಡು ಏನಂದಳೋ. ಬಾ ಅಪ್ಪಾ ಎನ್ನಬೇಕು, ಬಾ ಎಂದರೆ ಎಲ್ಲಿಗೆ, ಈ ಒಲೆಯ ಮುಂದಕ್ಕೆಯೇ. ಗೌರವ್ವಾ, ಎಂದ ಅಪ್ಪ. ಗ್ರಾಸಿ ಎನ್ನಲಿಲ್ಲ, ಆ ಹೆಸರು ಅವನಿಗೆ ಗೊತ್ತೂ ಇರಲಿಕ್ಕಿಲ್ಲ. ನಿಮ್ಮವ್ವಗ ಭಾಳ ಜಡ್ಡಾಗೇತಿ, ಕಣ್ಣು ಬಿಟ್ರ ನಿನ್ನ ಹೆಸ್ರು, ಮುಚ್ಚಿದ್ರೂ ನಿನ್ನ ಹೆಸ್ರು, ಮಧುಕೇಶನೇ ಹೇಳಿದ ಹೋಗಿ ಕರ್ಕೊಂಡು ಬಾ ಅಂತ, ಮಧ್ಯಾಹ್ನದ ಬಸ್ಸಿಗೆ ಹೊಂಡಬೇಕು. ಮತ್ತ ಅಲ್ಲಿ ಯಾಕ ನಿಂತಿದ್ದಿ ಅಪ್ಪಾ, ಬೆಳಿಗ್ಗಿಂದ? ನೀ ಬರೂದಿಲ್ಲ ಅಂದ್ರ ಆಕಿಗೆ ಹೋಗಿ ಏನಂತ ಹೇಳ್ಲಿ, ಅದಕ್ಕ ನಿಂತಿದ್ದೆ.

ಯಾರು ಬಾಯೆ, ಒಳಗಿನಿಂದ ಅತ್ತೆ. ಯಾರೆಂದು ಹೇಳುವ ಮೊದಲೇ ಅವಳಿಗೆ ಗೊತ್ತಾಗಿದೆ, ಗೋಡೆಗೆ ಕಿವಿ ಇಟ್ಟೇ ಮಲಗಿದ್ದಾಳೆ, ಹೋಗು ಬಾಯೆ ಹೋಗು, ತಾಯಿ ಮುಖ ನೋಡು, ಮೊದಲು ಆ ಪಾತ್ರೆ ಇಳಿಸಿ ಹಿತ್ತಿಲಿಗೆ ಒಯ್ದುಬಿಡು, ಬೀಗರಿಗೆ ವಾಸನೆ ಆಗ್ತದೆ, ನಾನು ಕೇಳಿದ್ದು ಮರೆತುಬಿಡು, ನನಗೆ ಹಸಿವೆ ಇಲ್ಲ ಮಗಾ. ಸುಳ್ಳು, ಬೆಳಕಿಗೆ ಎಚ್ಚರಾದಾಗಿನಿಂದ ಎಷ್ಟಾಯಿತು ಎಷ್ಟಾಯಿತು ಎಂದು ಕೇಳಿದವಳು. ಈಗ ಇಳಿಸಿದರೆ ಹಸಿ ಬಟಾಟೆ, ಆಮೇಲೆ ಎಷ್ಟು ಬೇಯಿಸಿದರೂ ಮೆತ್ತಗಾಗದು, ಅಲ್ಲಿ ಒಬ್ಬ ತಾಯಿ ಕರೆಯುತ್ತಾಳೆ, ಇಲ್ಲೊಬ್ಬಳು ಹಸಿದಿಲ್ಲ ಎನ್ನುತ್ತಾಳೆ, ಗೌರಿಯ ಕೈ ಇಕ್ಕಳಕ್ಕೆ ಹೋಯಿತು, ಅಪ್ಪನನ್ನು ಇನ್ನೆಷ್ಟು ಹೊತ್ತು ಈ ವಾಸನೆಯಲ್ಲಿ ನಿಲ್ಲಿಸಲಿ. ಇಳಸಬ್ಯಾಡ, ಎಂದ ಅಪ್ಪ. ಹಾಸಿಗಿ ಹಿಡಿದ ಹಿರೇರು ಬಾಯಿಬಿಟ್ಟು ಕೇಳಿದ್ದೈತಿ, ಉಣ್ಣಲಿ, ಬಸ್ಸಿಗೆ ಇನ್ನೂ ಹೊತ್ತೈತಿ, ನೀ ಹೋಗಿ ಸೀರಿ ಉಟ್ಕೊಂಡು ಬಾ.

ಬೇಲಿಯ ಬಳಿ ದೇವಕ್ಕನನ್ನು ಕರೆದು ಅತ್ತೆಯ ಬಳಿ ಇರಲು ಹೇಳಿ, ಒಳಗೆ ಸೀರೆ ಸುತ್ತುತ್ತ, ನೆರಿಗೆ ನಿಲ್ಲುತ್ತಿಲ್ಲ, ಅವ್ವ ಇದ್ದಾಳೆಯೇ, ನಿಜ ಹೇಳಿದನೇ ಅಪ್ಪ, ಸತ್ತವರ ಸುದ್ದಿಯನ್ನೂ ಜಡ್ಡಾಗಿದೆ ಎಂದೇ ಹೇಳುತ್ತಾರೆ ಜನ, ಇಷ್ಟೊತ್ತಿಗೆ ಮೇಲಿನ ಕೆಂಡ ಆರಿರುತ್ತದೆ, ಕೆಳಗೆ ಸೀಯುತ್ತದೋ ಏನೋ, ಸೆರಗನ್ನು ಹಾಗೇ ಎಳೆದುಕೊಂಡು ಅಡುಗೆಮನೆಗೆ ಓಡಿಬಂದವಳು ಬಾಗಿಲಲ್ಲಿ ನಿಂತುಬಿಟ್ಟಳು. ಅಪ್ಪ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಎಡಗೈ ಲಿಂಗವನ್ನು ಎದೆಗೆ ಒತ್ತಿ ಹಿಡಿದಿದೆ, ಬಲಗೈಯಲ್ಲಿ ಇಕ್ಕಳ, ಒಲೆಯಿಂದ ಕೆಂಪು ಕೆಂಡವನ್ನು ಒಂದೊಂದಾಗಿ ಎತ್ತಿ ಮುಚ್ಚಳದ ಮೇಲೆ ಜೋಡಿಸುತ್ತಿದ್ದಾನೆ, ಮುಖ ಆಚೆ ತಿರುಗಿದೆ, ಉಸಿರು ಬಿಗಿಹಿಡಿದು ಕತ್ತಿನ ನರ ಉಬ್ಬಿದೆ. ತಿರುಗದೆಯೇ ಕೇಳಿದ, ಮ್ಯಾಲಿಂದು ಆರಾಕತ್ತಿತ್ತು, ಇಷ್ಟ ಸಾಕೇನ ನೋಡವ್ವಾ.

ಸಾಕು ಅಪ್ಪಾ. ಆಮೇಲೆ ಮುಚ್ಚಳ ತೆಗೆದದ್ದು, ಮೇಲ್ಪದರ ಹೊನ್ನಿನಂತೆ ಕೆಂಪಗಾಗಿದ್ದದ್ದು, ಅತ್ತೆ ಕಣ್ಣುಮುಚ್ಚಿ ಒಂದು ತುತ್ತು ಬಾಯಲ್ಲಿಟ್ಟುಕೊಂಡು ಉಪ್ಪು ಕಮ್ಮಿ ಬಾಯೆ ಎಂದು ಎರಡನೆಯದಕ್ಕೆ ಬಾಯಿ ತೆರೆದದ್ದು, ದೇವಕ್ಕ ಬಟ್ಟಲು ಇಸಿದುಕೊಂಡು ನೀನು ಹೊರಡು ಎಂದು ನೂಕಿದ್ದು, ಎಲ್ಲ ಆಯಿತು, ಈಗ ಬಸ್ಸು ತಿರುವಿನಲ್ಲಿ ವಾಲುತ್ತದೆ, ಅವ್ವ ನೀರು ಕೇಳಿದ್ಲು ನಾ ಹೊಂಡೂವಾಗ, ಕುಡಿದ್ಲು, ಎನ್ನುತ್ತಾನೆ ಪಕ್ಕದಲ್ಲಿ ಅಪ್ಪ, ಹೂಂ ಎನ್ನುತ್ತಾಳೆ, ಸೆರಗಿನ ತುಂಬ ಹಂದಿಕೊಬ್ಬಿನ ವಾಸನೆ, ಅಪ್ಪ ಸರಿದು ಕೂರುವುದಿಲ್ಲ, ಅವ್ವನ ಮುಖ ನೆನೆಯಲು ನೋಡುತ್ತಾಳೆ, ಹಣೆ, ಮೂಗುತಿ, ಬರುತ್ತಿಲ್ಲ, ಕಣ್ಣು ಮುಚ್ಚಿದರೆ ಒಲೆ, ಎದೆಗೊತ್ತಿದ ಎಡಗೈ, ಬಲಗೈಯ ಇಕ್ಕಳ, ಅಣ್ಣ ಮನೆ ಬಾಗಿಲಲ್ಲಿ ನಿಂತಿರುತ್ತಾನೋ ಎಂದು ಯೋಚಿಸಹೊರಟರೂ ಎಡಗೈ, ಇಕ್ಕಳ, ಅವ್ವ ಇದ್ದಾಳೋ — ಎಡಗೈ ಎದೆಯ ಮೇಲೆ, ಇಕ್ಕಳದ ತುದಿಯಲ್ಲಿ ಒಂದು ಕೆಂಡ.