ಹೆಸರು ಕೊರೆಸಿದ ಡಬ್ಬಿ

ಎದುರಿನ ಸೀಟಿನ ಹುಡುಗಿಯ ಬೂಟಿನ ತುದಿ ತಾಳ ಹಾಕುತ್ತಿದೆ, ಒಂದು ಎರಡು ಮೂರು, ಒಂದು ಬಿಡುವು, ಮತ್ತೆ ಒಂದು ಎರಡು ಮೂರು — ಅವಳು ಕಿವಿಗೆ ಸಿಕ್ಕಿಸಿಕೊಂಡದ್ದು ಹೊರಗೆ ಕೇಳುವುದಿಲ್ಲ, ಆದರೂ ಗುರುದೇವಿಗೆ ಅನಿಸುತ್ತದೆ ಇದು ಡೆಲ್ಲಾಳ ಅಡುಗೆಮನೆಯ ಹಾಡೇ ಸೈ, ಮರುಕ್ಷಣ ಅನಿಸುತ್ತದೆ ಇರಲಿಕ್ಕಿಲ್ಲ, ಇವತ್ತು ಲಂಡನ್ನಿನ ಎಲ್ಲ ಬೂಟುಗಳೂ ತನಗೆ ಡೆಲ್ಲಾ ಮಾರ್ಚಳ ತಾಳವನ್ನೇ ಹಾಕುತ್ತಿವೆ. ಐವತ್ತಾರು ವರ್ಷದ ಹೆಂಗಸು, ಧಾರವಾಡದ ಹೊಸಮನಿಯವರ ಸೊಸೆ, ಕಿಂಗ್ಸ್‌ಬರಿಯ ಶಾಲೆಯೊಂದರಲ್ಲಿ ಮಕ್ಕಳ ತಟ್ಟೆಗೆ ಬಟಾಣಿ ಬಡಿಸುವ ಡಿನ್ನರ್ ಲೇಡಿ, ಶನಿವಾರ ಮಧ್ಯಾಹ್ನ ಬೇಕರ್‌ಲೂ ಲೈನಿನಲ್ಲಿ ಕೂತು ಸತ್ತುಹೋದ ಇಂಗ್ಲಿಷ್ ಹಾಡುಗಾರ್ತಿಯ ತಾಳ ಎಣಿಸುವುದೆಂದರೆ ನಗುವ ಮಾತೇ, ನಗಲಿ ಯಾರು ಬೇಕಾದರೂ, ಅವಳಿಗೆ ಬೇಕಾದ್ದು ಒಂದೇ, ಮಗಳು ಸೌಂದರ್ಯಾ ಮನೆಗೆ ಹೋಗಿರಬೇಕು, ಮನೆಯಲ್ಲೇ ಇರಬೇಕು, ಬಯ್ದರೆ ಬಯ್ಯಲಿ, ಒಟ್ಟು ಬಾಯಿ ಬಿಡಲಿ. ಡೆಲ್ಲಾಳ ನೆನಪಿಗೆ ಜನ ಸೇರಿದ್ದ ಹಾಲ್‌ನಿಂದ ಹೊರಬಿದ್ದ ಮಗಳ ಬೆನ್ನು, ಬೆನ್ನ ಮೇಲೆ ಕಪ್ಪು ಚೀಲ, ಚೀಲದೊಳಗೆ ಸ್ಟೀಲಿನ ಡಬ್ಬಿ, ವಾಲ್ತಮ್‌ಸ್ಟೋ ಸ್ಟೇಷನ್ನಿನ ತನಕ ಆ ಬೆನ್ನ ಹಿಂದೆಯೇ ನಡೆದಿದ್ದಳು, ಇಪ್ಪತ್ತು ಹೆಜ್ಜೆ ಹಿಂದೆ, ಸೌಂದೂ ಅಂತ ಒಂದು ಸಲ ಕೂಗಿದ್ದರೆ ಆಗುತ್ತಿತ್ತು — ಕೂಗಲಿಲ್ಲ, ಎಸ್ಕಲೇಟರ್ ಆ ಬೆನ್ನನ್ನು ಇಳಿಸಿಕೊಂಡು ಹೋಯಿತು. ಆಮೇಲೆ ಆಕ್ಸ್‌ಫರ್ಡ್ ಸರ್ಕಸ್ಸಿನ ಬೆಂಚಿನ ಮೇಲೆ ಕೂತು ಮೂರು ಗಾಡಿ ಬಿಟ್ಟಳು.

ಡೆಲ್ಲಾ ಸತ್ತು ಇವತ್ತಿಗೆ ಸರಿಯಾಗಿ ಒಂದು ವರ್ಷ, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ವಾಲ್ತಮ್‌ಸ್ಟೋದ ತನ್ನ ಮನೆಯ ಅಡುಗೆಮನೆಯ ನೆಲದ ಮೇಲೆ, ಕುಡಿದು, ಒಬ್ಬಳೇ, ಹೊರಗಿನವರಿಗೆ ಗೊತ್ತಾದದ್ದು ಮೂರು ದಿನದ ಮೇಲೆ. ಮೊದಮೊದಲು ಡೆಲ್ಲಾ ಅಂದರೆ ಮಗಳ ಕೋಣೆಯ ಮುಚ್ಚಿದ ಬಾಗಿಲಿನಾಚೆಯ ಸದ್ದು ಅಷ್ಟೇ, ನೆಗಡಿಯಾದವರು ಯಾರೋ ಅಳುತ್ತಿದ್ದಾರೆ ಅಂದುಕೊಂಡಿದ್ದಳು, ಇದಕ್ಕೂ ದುಡ್ಡು ಕೊಡ್ತಾರೇನು ಅಂತ ಗಂಡ ಶೇಖರಪ್ಪನ ಹತ್ತಿರ ನಕ್ಕಿದ್ದೂ ಉಂಟು. ಆ ಬಾಗಿಲು ಮುಚ್ಚಿ ಎರಡು ವರ್ಷ, ಮುಚ್ಚಿಸಿದ್ದು ತಾನೇ. ಯೂನಿವರ್ಸಿಟಿ ಬಿಟ್ಟು ಹಾಡ್ತೀನಿ ಅಂದ ದಿನ, ಮಮ್ಮಿ, ಜಸ್ಟ್ ಲಿಸನ್, ಒನ್ ಸಾಂಗ್, ಅಂತ ಒಲೆಯ ಪಕ್ಕ ನಿಂತು ಸೌಂದರ್ಯಾ ಹಾಡಿದಳು, ಗುರುದೇವಿ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ, ಹಾಡು ಮುಗಿದ ಮೇಲೆ ಹೇಳಿದ್ದು ಒಂದೇ ಮಾತು, ನಿನ್ನ ದನಿ ಏನ್ ಅಂಥಾದ್ದಲ್ಲ ತಂಗಿ, ಸುಮ್ನ ಓದು ಮುಗಸು. ಸುಳ್ಳು. ಹಿಟ್ಟು ಮೆತ್ತಿದ ಕೈಯ ಮೇಲೆ ಕೂದಲು ನಿಮಿರಿ ನಿಂತಿದ್ದವು, ಯಾವ ದೇವರು ಕೊಟ್ಟನೋ ಈ ದನಿ ಅಂತ ಎದೆ ಹೊಡೆದುಕೊಳ್ಳುತ್ತಿತ್ತು, ಹೆದರಿದಳು, ಪಬ್ಬಿನಲ್ಲಿ ಹಾಡುವ ಮಗಳಿಗೆ ಹೆದರಿದಳು, ಮಂದಿ ಮಾತಿಗೆ ಹೆದರಿದಳು, ನಿಜ ಹೇಳಬೇಕೆಂದರೆ ಆ ದನಿಗೇ ಹೆದರಿದಳು. ಅವತ್ತಿನಿಂದ ಮನೆಯಲ್ಲಿ ಯೆಸ್, ನೋ, ಐಯಾಮ್ ಫೈನ್, ಅಷ್ಟೇ. ಶೇಖರಪ್ಪ ಹೀಥ್ರೂ ವಿಮಾನ ನಿಲ್ದಾಣದ ಪಾಳಿ ಮುಗಿಸಿ ಬಂದು, ಅಲ್ಲಾ, ಇಬ್ರೂ ಬಾಯಿಗೆ ಬೀಗ ಜಡಕೊಂಡು ಕುಂತೀರಲ್ಲ ಯಾಕ, ಎಂದು ಕೇಳುತ್ತಾರೆ, ಉತ್ತರ ಬರುವ ಮೊದಲೇ ಸೋಫಾದಲ್ಲಿ ನಿದ್ದೆ ಹೋಗಿರುತ್ತಾರೆ.

ಸುಜಾನ್ ಹೇಳದಿದ್ದರೆ ಇದೆಲ್ಲ ಎಲ್ಲಿ ಆಗುತ್ತಿತ್ತು — ಶಾಲೆಯ ಅಡುಗೆಮನೆಯಲ್ಲಿ ಜೊತೆಗೆ ದುಡಿಯುವ ಉಡುಪಿ ಕಡೆಯ ಸುಜಾನ್, ಎಂತ ಮಾರಾಯ್ತಿ, ಮಗಳು ಮನೆಯಲ್ಲಿ ಮಾತಾಡುದಿಲ್ಲ ಅಂತ ದಿನಾ ಅಳುದು ಎಂತಕೆ, ಅವಳು ಮಾತಾಡುವ ಜಾಗಕ್ಕೆ ನೀನೇ ಹೋಗು, ಎನ್ನುತ್ತಾ ಫೋನು ಕಿತ್ತುಕೊಂಡು ಡೆಲ್ಲಾ ಅಭಿಮಾನಿಗಳ ಗುಂಪಿಗೆ ಸೇರಿಸಿಬಿಟ್ಟಳು, ಫೋನು ಹೆಸರು ಕೇಳಿದಾಗ, ನನ್ನದೇ ಇರಲಿ, ನನಗೆಂತ ನಷ್ಟ ಉಂಟು, ಎಂದಳು, ಗುರುದೇವಿ ಆ ಗುಂಪಿನಲ್ಲಿ ಸುಜಾನ್ ಆದಳು. ಆ ಗುಂಪು ಅಂದರೆ ಸಂತೆ. ಸತ್ತಳೆಂದೇ ದೊಡ್ಡವಳಾದಳು, ಬದುಕಿದ್ದರೆ ಮೂರನೆಯ ಆಲ್ಬಮ್ ಯಾರು ಕೇಳುತ್ತಿದ್ದರು ಎಂದು ಒಬ್ಬ, ಅಪ್ಪನೇ ಮ್ಯಾನೇಜರಾಗಿ ಹಿಂಡಿ ಹಿಪ್ಪೆ ಮಾಡಿದ ಎಂದು ಇನ್ನೊಬ್ಬಳು, ದನಿ ಎರಡನೆಯ ಆಲ್ಬಮ್ಮಿಗೇ ಒಡೆದಿತ್ತು ಎಂದರೆ ಒಡೆದ ಮೇಲೇ ಅದು ದನಿಯಾದದ್ದು ಎಂದು ಮತ್ತೊಬ್ಬರು, ಅದರಲ್ಲೂ ಅಡುಗೆಮನೆಯ ಹಾಡಿನ ಕೊನೆಯ ಸಾಲಿನ ಜಗಳ ತಿಂಗಳುಗಟ್ಟಲೆ, ಅಷ್ಟು ಉದ್ದದ ಸಾಲನ್ನು ಡೆಲ್ಲಾ ನಡುವೆ ಉಸಿರೇ ತೆಗೆದುಕೊಳ್ಳದೆ ಹಾಡುತ್ತಾಳೆ, ಯಾಕೆ. ಉಸಿರು ತಗೊಂಡಿದ್ದರೆ ಅತ್ತುಬಿಡುತ್ತಿದ್ದಳು, ಎಂದು ಬರೆದವಳು ಸೌ, ಸೌ ಅಂದರೆ ಸೌಂದರ್ಯಾ, ಗೋಡೆಯ ಆ ಕಡೆ ಹಾಸಿಗೆಯ ಮೇಲೆ ಕೂತು ಬರೆದದ್ದನ್ನು ಗುರುದೇವಿ ಈ ಕಡೆ ಈರುಳ್ಳಿ ಬಿಟ್ಟು ಕೈ ಒರೆಸಿಕೊಂಡು ಓದಿದಳು. ಹುಡುಗಿಯಾಗಿದ್ದಾಗ ಸೋಮವಾರ ಸೋಮವಾರ ಮಠದಲ್ಲಿ ವಚನ ಹಾಡುತ್ತಿದ್ದವಳು, ಉಸಿರು ಅಂದರೆ ಏನೆಂದು ಗೊತ್ತಿದ್ದವಳು, ತನ್ನ ಡಿನ್ನರ್ ಲೇಡಿ ಇಂಗ್ಲಿಷಿನಲ್ಲಿ ಉತ್ತರ ಬರೆದಳು, ಇಲ್ಲ ಮಗೂ, ಸಾಲು ಮುಗಿದ ಮೇಲೂ ಅವಳಲ್ಲಿ ಉಸಿರು ಉಳಿದಿದೆ, ಕಿವಿಗೊಟ್ಟು ಕೇಳು, ಅಳುವವರಿಗೆ ಹಾಗೆ ಉಳಿಯುವುದಿಲ್ಲ, ಇದು ನೂರು ಸಲ ಹಾಡಿ ಹಾಡಿ ಬಂದದ್ದು, ಅವಳನ್ನು ಬರೀ ಪಾಪದವಳು ಮಾಡಬೇಡಿ, ಅವಳು ಕೆಲಸ ಬಲ್ಲವಳು. ಆಮೇಲೆ ಸೌ ಬರೆದಳು, ಸುಜಾನ್, ಅವಳು ದುಡಿದಳು ಅಂತ ಹೇಳಿದ ಮೊದಲನೆಯವರು ನೀವು. ಎರಡು ವರ್ಷದಲ್ಲಿ ಮಗಳು ಆಡಿದ ಅತಿ ಉದ್ದದ ಮಾತು ಅದು, ಗುರುದೇವಿ ಈರುಳ್ಳಿಯ ನೆವದಲ್ಲಿ ಚೆನ್ನಾಗಿ ಅತ್ತಳು.

ಗಾಡಿ ಕ್ವೀನ್ಸ್ ಪಾರ್ಕಿನಲ್ಲಿ ನಿಲ್ಲುತ್ತದೆ, ಇದು ಇಲ್ಲಿಗೇ ಕೊನೆ, ಎಲ್ಲರೂ ಇಳಿಯಿರಿ, ಬೂಟಿನ ಹುಡುಗಿ ತನ್ನ ತಾಳವನ್ನು ತೆಗೆದುಕೊಂಡು ಹೋಗುತ್ತಾಳೆ, ಪ್ಲಾಟ್‌ಫಾರ್ಮಿನ ಚಳಿಗಾಳಿಯಲ್ಲಿ ಫೋನು ಒಮ್ಮೆ ನಡುಗುತ್ತದೆ — ಸೌ ಗುಂಪು ಬಿಟ್ಟಿದ್ದಾರೆ, ಅಷ್ಟೇ, ಒಂದು ಸಾಲು. ಬಿಡಲಿ, ಗುಂಪು ಬಿಡಲಿ, ಮನೆ ಬಿಡದಿದ್ದರೆ ಸಾಕು. ಹೋದ ಜನವರಿಯಲ್ಲಿ ಸೌ ತಾನೇ ಹಾಡಿದ್ದನ್ನು ಸುಜಾನಳಿಗೆ ಮಾತ್ರ ಕಳಿಸಿದ್ದಳು, ಬಾತ್‌ರೂಮಿನಲ್ಲಿ ಹಾಡಿದ್ದು, ಹಿಂದೆ ತಮ್ಮ ಮನೆಯ ನಲ್ಲಿಯೇ ತೊಟ್ಟಿಕ್ಕುವುದು ಕೇಳುತ್ತಿತ್ತು, ಗುರುದೇವಿ ಅದನ್ನು ಬಸ್ಸಿನಲ್ಲಿ ಕೇಳಿ ಇಳಿಯುವ ಸ್ಟಾಪು ದಾಟಿ ಹೋಗಿದ್ದಳು. ಬರೆದಳು, ನಿನ್ನ ದನಿ ಬಹಳ ದೊಡ್ಡದು, ಮುಚ್ಚಿಡಬೇಡ, ಹಾಡು. ಮಗಳ ಉತ್ತರ ಅವಳಿಗೆ ಬಾಯಿಪಾಠ, ನನ್ನ ಮಮ್ಮಿ ನನ್ನ ದನಿ ಏನೂ ಅಲ್ಲ ಅಂದಿದ್ದಾರೆ, ನೀವು ನನಗೆ ಯಾರೂ ಅಲ್ಲ, ನನ್ನನ್ನು ಸಮಾಧಾನ ಮಾಡುವ ದರ್ದು ನಿಮಗಿಲ್ಲ, ಅದಕ್ಕೇ ನಿಮ್ಮನ್ನು ನಂಬುತ್ತೇನೆ. ಡೆಲ್ಲಾಳ ವರ್ಷದ ನೆನಪಿಗೆ ಗುಂಪಿನವರು ಸೇರುವ ದಿನ ಅಡುಗೆಮನೆಯ ಹಾಡು ಹಾಡುತ್ತೇನೆ, ನೀವು ಬರಬೇಕು. ಬರ್ತೀನಿ ಅಂದಳು ಗುರುದೇವಿ, ಹೇಗೆ ಬರುತ್ತೀ ಎಂದು ತನ್ನನ್ನೇ ಕೇಳಿಕೊಳ್ಳಲಿಲ್ಲ.

ಈಗ ಆ ಡಬ್ಬಿ, ಎಲ್ಲಿಂದ ಎಲ್ಲಿಗೆ ಹೋದರೂ ಕೊನೆಗೆ ಆ ಡಬ್ಬಿಗೇ ಬರುತ್ತಾಳೆ. ಡೆಲ್ಲಾಳ ಗೇಟಿನ ಮುಂದೆ ಜನ ಹೂವಿಡುತ್ತಾರೆ, ಮೇಣದ ಬತ್ತಿ, ಪತ್ರ, ವೋಡ್ಕಾ ಬಾಟಲಿ ಕೂಡ, ಯಾವುದು ಕೊಂದಿತೋ ಅದನ್ನೇ ತಂದು ಇಡುತ್ತಾರಲ್ಲ ಎಂದು ಗುರುದೇವಿಗೆ ಸಿಟ್ಟು, ಮೂರು ದಿನ ಯಾರೂ ಕದ ತಟ್ಟದ ಮನೆ, ಅಲ್ಲಿಗೆ ಬರಿಗೈಯಲ್ಲಿ ಹೋಗುವುದು ಹೇಗೆ, ಮಾರ್ಚ್ ತಿಂಗಳಲ್ಲಿ ಒಂದು ದಿನ ಹತ್ತು ಶೇಂಗಾ ಹೋಳಿಗೆ ಮಾಡಿ ಒಯ್ದಿಟ್ಟು ಬಂದಳು. ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಬಹುದಿತ್ತು, ಯಾವನು ಬೇಡ ಅಂದಿದ್ದ, ಸತ್ತವಳಿಗೆ ಒಯ್ಯುವುದು ಪ್ಲಾಸ್ಟಿಕ್ಕಿನಲ್ಲಿ ಚೆಂದವಲ್ಲ ಎಂದು ಮದುವೆಯ ಸ್ಟೀಲ್ ಡಬ್ಬಿಯನ್ನೇ ತೆಗೆದುಕೊಂಡಳು, ಅದರ ತಳದಲ್ಲಿ ಸೂಜಿಯ ಚುಕ್ಕೆ ಚುಕ್ಕೆಯಲ್ಲಿ ಗುರುದೇವಿ ಶೇ. ಹೊಸಮನಿ, ಧಾರವಾಡ ಎಂದು ಇದೆ, ಪಾತ್ರೆ ಅಂಗಡಿಯವನು ಕೊರ್ರ್ ಎನ್ನುವ ಯಂತ್ರ ಹಿಡಿದು ಕೊರೆದದ್ದು, ಯಾರ ಮನೆಗೆ ಹೋದರೂ ತಿರುಗಿ ತನ್ನ ಮನೆಗೆ ಬರಲಿ ಅಂತ ಕೊರೆಸುವುದು, ಅದು ನೆನಪೇ ಆಗಲಿಲ್ಲ, ಮೂವತ್ತು ವರ್ಷ ದಿನಾ ನೋಡಿದ್ದು ಎಲ್ಲಿ ಕಣ್ಣಿಗೆ ಬೀಳುತ್ತದೆ. ಗುಂಪಿನಲ್ಲಿ ಡಬ್ಬಿಯ ಫೋಟೋ ಬಂತು, ಇದೇನು, ಬಾಂಬೋ ಎಂದು ಒಬ್ಬ, ಒಳಗಿರುವುದು ಶೇಂಗಾ, ಅಲರ್ಜಿ ಇದ್ದವರು ದೂರ ಇರಿ ಎಂದು ಒಬ್ಬಳು, ಗುರುದೇವಿಗೆ ತಡೆಯಲಿಲ್ಲ, ನಾನೇ ಇಟ್ಟದ್ದು ಎಂದು ಸುಜಾನಳ ಹೆಸರಿನಲ್ಲಿ ಬರೆದಳು, ಸೌ ಬರೆದಳು, ನನ್ನ ಮಮ್ಮಿಯೂ ಇದನ್ನು ಮಾಡುತ್ತಾರೆ, ಅವರು ಮಾಡುವುದರಲ್ಲಿ ಇದೇ ಬೆಸ್ಟ್. ಆ ಮಗಳು ಕನ್ನಡ ಓದಲು ಕಲಿತದ್ದೇ ಕೆಂಟನ್ನಿನ ತಮ್ಮ ಮನೆಯ ಅಡುಗೆಮನೆಯ ನೆಲದ ಮೇಲೆ, ಪಾತ್ರೆಗಳನ್ನು ಬೋರಲು ಹಾಕಿಕೊಂಡು, ಚುಕ್ಕೆಗಳ ಮೇಲೆ ಬೆರಳಾಡಿಸುತ್ತಾ, ಗು, ರು, ದೇ, ವಿ, ಮಮ್ಮೀ, ದಿಸ್ ಈಸ್ ಯೂ. ಪಕ್ಕದ ಮನೆಯ ಚಂದ್ರಿಕಾ ಬಟ್ಟಲಲ್ಲಿ ಏನಾದರೂ ಕೊಟ್ಟಾಗ ತಿರುಗಿ ಕೊಡಲು ಹೋಗುವವಳು ಅವಳೇ, ತಡಿ ಸೌಂದೂ, ಮಂದಿ ಬಟ್ಟಲಾ ಖಾಲಿ ಕೊಡಬಾರ್ದವಾ, ಒಂದು ಚಿಟಿಕಿ ಸಕ್ಕರಿ ಆದ್ರೂ ಹಾಕಬೇಕು, ಆರು ವರ್ಷದವಳು ದಾರಿಯಲ್ಲೇ ಅರ್ಧ ಸಕ್ಕರೆ ನೆಕ್ಕಿರುತ್ತಿದ್ದಳು, ಆದರೆ ಖಾಲಿ ಮಾತ್ರ ಯಾವತ್ತೂ ಕೊಟ್ಟಿದ್ದಿಲ್ಲ.

ಹಾಲ್‌ನಲ್ಲಿ ನಲವತ್ತು ಜನ ಇದ್ದರೇನೋ. ಗುರುದೇವಿ ಕೊನೆಯ ಸಾಲಿನಲ್ಲಿ, ಕೋಟುಗಳನ್ನು ತೂಗುಹಾಕಿದ್ದ ಸ್ಟ್ಯಾಂಡಿನ ಹಿಂದೆ, ಮಫ್ಲರನ್ನು ಮೂಗಿನ ತನಕ ಏರಿಸಿಕೊಂಡು ಕೂತಿದ್ದಳು, ಕೇಳಿ ಹೊರಟುಬಿಡುತ್ತೇನೆ, ಒಂದು ಹಾಡು, ಅಷ್ಟೇ. ಮೇಜಿನ ಮೇಲೆ ಡೆಲ್ಲಾಳ ಫೋಟೋ, ಪಕ್ಕದಲ್ಲಿ ತನ್ನ ಡಬ್ಬಿ. ಕೌನ್ಸಿಲ್‌ನ ಕಸದವರು ಗೇಟಿನ ಮುಂದೆ ಗುಡಿಸುವ ಮೊದಲು ಎತ್ತಿಟ್ಟುಕೊಂಡಿದ್ದನಂತೆ ಗುಂಪಿನ ಹಿರಿಯ, ಪೋಸ್ಟ್‌ಮನ್ ಆಗಿದ್ದ ಬಿಳಿಗಡ್ಡದವನು. ಅಲ್ಲಿಯೂ ಅದೇ ವಾದ, ಉಸಿರು ಮರೆತಳೋ ಬೇಕೆಂದೇ ಬಿಟ್ಟಳೋ, ಸೌಂದರ್ಯಾ ಮೈಕಿನ ಹತ್ತಿರ ನಿಂತು, ಗಟ್ಟಿಯಾಗಿ ಹೇಳಿದಳು, ಅವಳಲ್ಲಿ ಉಸಿರು ಉಳಿದಿತ್ತು, ಶಿ ಪ್ರಾಕ್ಟೀಸ್ಡ್, ಇದು ನನಗೆ ಕಲಿಸಿದ್ದು ಸುಜಾನ್. ಕೋಟುಗಳ ಹಿಂದೆ ಗುರುದೇವಿಯ ಎದೆ ತುಂಬಿತು, ಆ ಒಂದು ಗಳಿಗೆ ಅವಳದ್ದೇ, ಅದನ್ನು ಯಾರೂ ಕಸಿದುಕೊಳ್ಳಲಾರರು, ಆದರೆ ಗಳಿಗೆ ಎಷ್ಟು ಹೊತ್ತು. ಗಡ್ಡದವನು ಡಬ್ಬಿ ಎತ್ತಿ ಹಿಡಿದ, ಇದು ನಮ್ಮ ಸುಜಾನಳದು, ಸುಜಾನ್ ಬಂದಿದ್ದಾಳೆಯೇ, ಯಾರೂ ಏಳಲಿಲ್ಲ, ತಳದಲ್ಲಿ ಏನೋ ಬರೆದಿದೆ, ನಿಮ್ಮ ಕಡೆಯ ಲಿಪಿ ಇರಬೇಕು, ನಿನಗೆ ಓದಲು ಬರುತ್ತದಾ ಎಂದು ಮಗಳ ಕೈಗೆ ಕೊಟ್ಟ. ಅವಳು ಬೋರಲು ಮಾಡಿದಳು. ಬೆರಳು ಚುಕ್ಕೆಗಳ ಮೇಲೆ ಹರಿಯಿತು, ನಾಲ್ಕು ಅಕ್ಷರ, ಅಷ್ಟಕ್ಕೇ ನಿಂತಿತು. ತಲೆ ಎತ್ತಿ ಹಿಂದಿನ ಸಾಲುಗಳ ಕಡೆ ನೋಡಿದಳು, ಎದ್ದು ನಿಲ್ಲಬೇಕಿತ್ತು, ಹೌದವಾ ನಾನೇ ಅನ್ನಬೇಕಿತ್ತು, ಗುರುದೇವಿ ಬಗ್ಗಿದಳು, ಬೂಟಿನ ಲೇಸು ಬಿಚ್ಚಿದವಳ ಹಾಗೆ ಬಗ್ಗಿ ಕಾಲಿಗೆ ಕೈ ಹಾಕಿದಳು, ಅವಳ ಬೂಟಿಗೆ ಲೇಸೇ ಇಲ್ಲ. ಮೇಲೆ ಮಗಳ ದನಿ, ನೋ, ಐ ಕಾಂಟ್ ರೀಡ್ ಇಟ್, ಬಟ್ ಐ ನೋ ಹರ್, ಐ ವಿಲ್ ಗಿವ್ ಇಟ್ ಬ್ಯಾಕ್. ಹಾಡುವುದಿಲ್ಲವೇ ಎಂದು ಯಾರೋ ಕೇಳಿದರು. ಚೀಲದ ಜಿಪ್ಪಿನ ಸದ್ದು, ಹೆಜ್ಜೆಯ ಸದ್ದು, ಬಾಗಿಲು, ಅಷ್ಟೇ.

ಎರಡನೆಯ ಗಾಡಿ, ಹಾರ್ಲ್ಸ್‌ಡನ್, ವೆಂಬ್ಲಿ, ಹಳಿಯ ಪಕ್ಕದ ಹಿತ್ತಿಲುಗಳಲ್ಲಿ ಒಣಗಲು ಹಾಕಿದ ಬಟ್ಟೆ, ಬಾಯಲ್ಲಿ ಒಂದು ವಾಕ್ಯವನ್ನು ಮತ್ತೆ ಮತ್ತೆ ಜೋಡಿಸಿಕೊಳ್ಳುತ್ತಾಳೆ, ಮೊದಲ ಹೇಳಿದ್ದ ಸುಳ್ಳು ಸೌಂದೂ, ಆಮ್ಯಾಲ ಬರದದ್ದ ಖರೆ. ಯಾರು ನಂಬುತ್ತಾರೆ, ಅದೇ ಬಾಯಿ, ಬೇರೆ ಯಾರದೋ ಎಂದು ಮಗಳು ನಂಬಿದ ಮಾತು ಈಗ ಹೆತ್ತವಳು ಕರುಣೆಗೆ ಆಡಿದ ಮಾತಾಗಿ ಹೋಯಿತು, ಹೊಗಳಿಕೆಯೂ ಹೋಯಿತು, ಹಾಡೂ ಹೋಯಿತು. ಕೆಂಟನ್, ಮೆಟ್ಟಿಲು, ರಸ್ತೆ, ಓಡುತ್ತಾಳೆಯೇ, ಹೌದು ಓಡುತ್ತಾಳೆ, ಬೀಗದ ಕೈ ಎರಡು ಸಲ ಜಾರುತ್ತದೆ, ಬಾಗಿಲ ಬಳಿ ಮಗಳ ಚಪ್ಪಲಿ ಇಲ್ಲ, ಬೂಟಿಲ್ಲ, ದೊಡ್ಡ ಸೂಟ್‌ಕೇಸ್ ಇಲ್ಲ, ಎರಡು ವರ್ಷ ಮುಚ್ಚಿದ್ದ ಕೋಣೆಯ ಬಾಗಿಲು ಪೂರ್ತಿ ತೆರೆದಿದೆ, ಒಳಗೆ ಮಡಚಿಟ್ಟ ಹಾಸಿಗೆ, ಸೌಂದೂ, ಈಗ ಕೂಗುತ್ತಾಳೆ, ಗಟ್ಟಿಯಾಗಿ, ಅಡುಗೆಮನೆಗೆ ಬರುತ್ತಾಳೆ, ಮೇಜಿನ ಮೇಲೆ ಡಬ್ಬಿ, ಚೆನ್ನಾಗಿ ತಿಕ್ಕಿ ತೊಳೆದಿದ್ದಾಳೆ, ಒರೆಸಿದ್ದಾಳೆ, ಮುಚ್ಚಳ ಪಕ್ಕಕ್ಕಿದೆ, ಒಳಗೆ ಏನಾದರೂ ಇಟ್ಟಿರುತ್ತಾಳೆ, ಇಡದೆ ಇರುವವಳಲ್ಲ, ಚಿಕ್ಕಂದಿನಿಂದ ರೂಢಿ, ಒಂದು ಚೀಟಿ, ಒಂದು ಚಿಟಿಕೆ, ಬೆರಳು ಹಾಕಿ ತಳ ಸವರುತ್ತಾಳೆ, ಬೆರಳನ್ನು ನಾಲಿಗೆಗೆ ಒತ್ತಿಕೊಳ್ಳುತ್ತಾಳೆ, ಬರೀ ಸ್ಟೀಲಿನ ರುಚಿ, ಸಕ್ಕರೆಯ ಡಬ್ಬ ಅಲ್ಲೇ ಕೈಯಳತೆಯಲ್ಲಿದೆ, ಅದನ್ನು ಮುಟ್ಟಿಲ್ಲ — ಖಾಲಿ ಕೊಟ್ಟಿದ್ದಾಳೆ, ಡಬ್ಬಿ, ತೊಳೆದ ಡಬ್ಬಿ, ಖಾಲಿ.